ಅಪ್ರೆಂಟಿಸ್ ಆಗಲಾ, ಕೆಲಸಕ್ಕೆ ಸೇರಲಾ?
ಐಟಿಐ ಫಿಟ್ಟರ್ ಮುಗಿಸಿದ್ದೀನಿ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಲಾ, ಗೋಕುಲ ರೋಡಿನ ಸಣ್ಣ ವರ್ಕ್‌ಶಾಪ್ ಶೆಡ್‌ನಲ್ಲಿ ಸಿಕ್ಕ ಕೆಲಸಕ್ಕೇ ಸೇರಲಾ ಅಂತ ಕೇಳಿದ್ದೀರಿ. ಸೀಟು ಸಿಕ್ಕರೆ ಅಪ್ರೆಂಟಿಸ್‌ಗೇ ಹೋಗಿ. ಸ್ಟೈಪೆಂಡ್ ಕಡಿಮೆ, ನಿಜ, ಆದರೆ ಕೊನೆಗೆ ಪರೀಕ್ಷೆ ಪಾಸಾದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್) ಬರುತ್ತದೆ, ಎಲ್ಲ ರಾಜ್ಯದಲ್ಲೂ ನಡೆಯುತ್ತದೆ. ಸಿಗಲಿಲ್ಲ ಅಂದರೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಶೆಡ್‌ಗೆ ಸೇರಿ. ನಾನು ಕಲಿತಿದ್ದು ಅಂಥ ಕಡೆಯೇ. ಮೊದಲ ತಿಂಗಳು ಮೇಸ್ತ್ರಿ ನನ್ನ ಕೈಗೆ ಬರೀ ಅರ (ಲೋಹ ಉಜ್ಜೋ ಫೈಲ್) ಕೊಟ್ಟಿದ್ದರು. ಉಜ್ಜಿದ ತುಂಡಿಗೆ ಟ್ರೈ ಸ್ಕ್ವೇರ್ (ಮೂಲೆ ನೇರ ಇದೆಯಾ ನೋಡೋ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯೋರು, ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜು ಅನ್ನೋರು (ಆಗ ಬೈಕೊಂಡಿದ್ದೆ ಬಿಡಿ). ಸೇರೋ ಮುಂಚೆ ಒಂದು ಕೇಳಿ: ಲೇತ್ (ಲೋಹ ತಿರುಗಿಸಿ ಕೊರೆಯೋ ಮೆಷಿನ್) ಮುಟ್ಟೋಕೆ ಬಿಡ್ತಾರಾ, ಚಹಾ ತರೋದಷ್ಟೇನಾ?