ಅಕ್ಕನ ಹತ್ತಿರ ಕೇಳಿ: ಮಳೆ ಬಂತು, ದುಡ್ಡು ಬರಲಿಲ್ಲ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ದುಡ್ಡಿನದ್ದೇ. ಸೊಸೆಯ ಸಿಟ್ಟು, ಪಕ್ಕದ ಮನೆಯ ನಾಯಿ, ಇವೆಲ್ಲ ಮುಂದಿನ ತಿಂಗಳಿಗೆ. ಬರೆದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಾವು ಡೊಂಬಿವಲಿ ಪೂರ್ವದಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಯಜಮಾನರು ಅಂಧೇರಿಯ ಒಂದು ಹೋಟೆಲಿನಲ್ಲಿ ಹದಿನಾರು ವರ್ಷ ಇದ್ದರು. ಹೋಟೆಲು ಮುಚ್ಚಿತು. ಈಗ ಕ್ಯಾಟರಿಂಗ್‌ನವರ ಜೊತೆ ಹೋಗುತ್ತಾರೆ. ನವೆಂಬರಿನಿಂದ ಫೆಬ್ರವರಿ ತನಕ ತಿಂಗಳಿಗೆ 38,000 ಬರುತ್ತದೆ. ಮಾರ್ಚಿಗೆ 20,000, ಏಪ್ರಿಲ್ ಮತ್ತು ಮೇ 35,000. ಜೂನ್‌ನಿಂದ ಅಕ್ಟೋಬರ್ ತನಕ 11,000 ಬಂದರೆ ಪುಣ್ಯ. ನನ್ನ ಟ್ಯೂಷನ್‌ನಿಂದ 6,000, ಅದೂ ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲ. ಬಾಡಿಗೆ 11,000, ಇಬ್ಬರು ಮಕ್ಕಳ ಶಾಲೆ, ಎಲ್ಲ ಸೇರಿ ಖರ್ಚು 31,000. ಪೇಪರ್ ನಿಲ್ಲಿಸಿದೆ, ನಾನು ಹಾಲು ಬಿಟ್ಟೆ, ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುತ್ತೇನೆ. ಆದರೂ ಆಷಾಢ ಬಂತೆಂದರೆ ಕಿರಾಣಿ ಅಂಗಡಿಯಲ್ಲಿ ಉದ್ರಿ. ಇನ್ನೂ ಆಚೆ, 1,500 ಕಡಿಮೆ ಬಾಡಿಗೆಯ ಮನೆಯೊಂದಿದೆ. ಹೋಗಿಬಿಡೋಣವಾ?

ಉತ್ತರ: ತಂಗೀ, ಮೊದಲು ಹಾಲು ಶುರು ಮಾಡು. ಮನೆ ನಡೆಸುವವಳು ತಲೆಸುತ್ತಿ ಬಿದ್ದರೆ ಡಾಕ್ಟರಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಲೀಟರ್ ಹಾಲು ಬರುತ್ತದೆ ಲೆಕ್ಕ ಹಾಕು.

ನೀನು ಬರೆದ ಅಂಕಿಗಳನ್ನೇ ಹಿಡಿದು ನಾನು ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಕೂಡಿಸಿದೆ. ವರ್ಷಕ್ಕೆ ಅವರದ್ದು 2,97,000, ನಿನ್ನದು 60,000. ಒಟ್ಟು 3,57,000. ಖರ್ಚು 31,000ದಂತೆ ಹನ್ನೆರಡು ತಿಂಗಳಿಗೆ 3,72,000. ಅಂದರೆ ಇಡೀ ವರ್ಷಕ್ಕೆ ನಿಮಗೆ ಕಮ್ಮಿ ಬೀಳುವುದು 15,000 ಅಷ್ಟೇ. ಆದರೆ ಮಳೆಗಾಲದ ಐದು ತಿಂಗಳು ನೋಡು, ಪ್ರತಿ ತಿಂಗಳೂ 14,000 ತೂತು, ಒಟ್ಟು 70,000. ಹಾಗಾದರೆ ನವೆಂಬರಿನಿಂದ ಫೆಬ್ರವರಿ ತನಕ ಉಳಿಯಬೇಕಿದ್ದ 52,000 ಎಲ್ಲಿ ಹೋಯಿತು? ನೀನು ಬರೆದಿಲ್ಲ, ನಾನೇ ಹೇಳುತ್ತೇನೆ. ಹಿಂದಿನ ಮಳೆಗಾಲದ ಉದ್ರಿ ತೀರಿಸಿದ್ದು ಸ್ವಲ್ಪ, ಈಗಲಾದರೂ ಮಕ್ಕಳಿಗೆ ಏನಾದರೂ ತೆಗೆದುಕೊಡೋಣ ಅಂತ ಸ್ವಲ್ಪ, ಊರಿಗೆ ಹೋಗಿ ಬಂದದ್ದು ಸ್ವಲ್ಪ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಅದಕ್ಕೇ ಗೊತ್ತು.

ನಿಮ್ಮ ಆದಾಯ ಏರಿಳಿತದ್ದು ಹೌದು, ಆದರೆ ಯಾವಾಗ ಇಳಿಯುತ್ತದೆ ಅಂತ ಪಂಚಾಂಗದಲ್ಲೇ ಬರೆದಿದೆಯಲ್ಲ! ಚಾತುರ್ಮಾಸದಲ್ಲಿ ಮದುವೆ ಇಲ್ಲ, ನಡುವೆ ಪಿತೃಪಕ್ಷ, ಕಾರ್ತಿಕ ಏಕಾದಶಿ ಕಳೆದು ತುಳಸಿ ಮದುವೆ ಆದ ಮೇಲೆಯೇ ಮತ್ತೆ ಹಾಲ್‌ಗಳಲ್ಲಿ ಒಲೆ ಹಚ್ಚುವುದು. ಹಾಗಾಗಿ ಅವರ ದುಡಿಮೆ ಬೇರೆಯೇ ಒಂದು ಖಾತೆಗೆ ಬೀಳಲಿ. ಅದರ ಎಟಿಎಂ ಕಾರ್ಡ್ ಕಪಾಟಿನಲ್ಲಿರಲಿ, ಫೋನಿನ ಯುಪಿಐಗೆ ಆ ಖಾತೆಯನ್ನು ಜೋಡಿಸಲೇ ಬೇಡ. ಅಲ್ಲಿಂದ ತೆಗೆದು, ನಿನ್ನ ಟ್ಯೂಷನ್ ದುಡ್ಡನ್ನೂ ಸೇರಿಸಿ, ಮನೆಗೆ ಪ್ರತಿ ತಿಂಗಳು 28,000 ಸಂಬಳ ಕೊಡು. ಮದುವೆ ಸೀಸನ್ನಿಗೂ ಅಷ್ಟೇ, ಆಷಾಢಕ್ಕೂ ಅಷ್ಟೇ.

31ರಿಂದ 28ಕ್ಕೆ ಇಳಿಸುವುದು ಹೇಗೆ ಅಂತ ಕೇಳುತ್ತೀಯಾ. ಕೊತ್ತಂಬರಿ ಸೊಪ್ಪಿನಲ್ಲಿ ಖಂಡಿತ ಆಗುವುದಿಲ್ಲ. ಉದ್ರಿ ಅಂಗಡಿಯಲ್ಲಿ ನಾವು ಬೆಲೆ ಕೇಳುವುದಿಲ್ಲ, ಅವನು ಕೊಟ್ಟ ಬೇಳೆ, ಅವನು ಬರೆದ ಲೆಕ್ಕ. ಕೈಯಲ್ಲಿ ನೋಟು ಹಿಡಿದು, ಸ್ಟೇಷನ್ ಹತ್ತಿರದ ಹೋಲ್‌ಸೇಲ್ ಅಂಗಡಿಗೆ ತಿಂಗಳಿಗೆ ಒಂದೇ ಸಲ ಹೋಗಿ ಬಾ, ವ್ಯತ್ಯಾಸ ನಿನಗೇ ಕಾಣುತ್ತದೆ. ಕರೆಂಟಿನಲ್ಲೂ ಇದೆ. ಮಹಾವಿತರಣದ ಬಿಲ್ಲಿನಲ್ಲಿ ಮೊದಲ 100 ಯೂನಿಟ್‌ಗೆ ಒಂದು ದರ, 101ರಿಂದ 300ಕ್ಕೆ ಸುಮಾರು ಅದರ ಎರಡು ಪಟ್ಟು. ಆದ್ದರಿಂದ ನೂರು ದಾಟಿದ ಮೇಲೆ ಉಳಿಸಿದ ಒಂದೊಂದು ಯೂನಿಟ್ಟೂ ದುಬಾರಿ ದರದ್ದೇ. ಗೀಸರ್ ಮರೆತು ಸ್ನಾನಕ್ಕೆ ಹೋಗುವ ಮೊದಲು ಅರ್ಧ ಗಂಟೆ ಉರಿಯುತ್ತದಲ್ಲ, ಅದೇ. ಇನ್ನು ಯಜಮಾನರ ರೈಲು ಪಾಸು. ಮೂರು ತಿಂಗಳದ್ದು ತೆಗೆದರೆ ತಿಂಗಳ ದರದ 2.7 ಪಟ್ಟು, ವರ್ಷದ್ದು 10.8 ಪಟ್ಟು, ಲಾಭ ಹೌದು. ಆದರೆ ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಹೋಗುವವರಿಗೆ ವರ್ಷದ ಪಾಸು ಯಾಕೆ? ಸೀಸನ್ನಿಗೆ ಮೂರು ತಿಂಗಳದ್ದು ತೆಗೆಯಲಿ, ಮಳೆಗೆ ಬರೀ ರಿಟರ್ನ್ ಟಿಕೆಟ್. ಶಾಲೆಯ ಬಸ್ಸು ಇದ್ದರೆ ಅದನ್ನೂ ಯೋಚಿಸು, ನಡೆಯುವ ದೂರ ಆದರೆ.

ಮನೆ ಬದಲಿಸಬೇಡ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ 1,500ರಂತೆ ಉಳಿಯುವುದು 16,500. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಟೆಂಪೋ, ಹಮಾಲರು, ಹೊಸ ಮನೆಗೆ ಪರದೆ ಮೊಳೆ ಬಕೆಟ್ಟು ಅಂತ ಎಲ್ಲ ಸೇರಿ ಅದು ಅಲ್ಲಲ್ಲಿಗೇ ಸರಿ. ಮೇಲಿಂದ ನಿನ್ನ ಟ್ಯೂಷನ್ ಮಕ್ಕಳು ಹೊಸ ಜಾಗಕ್ಕೆ ಬರುತ್ತಾರಾ?

ಈ ಮಳೆಗಾಲ ದಾಟುವುದೇ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಜುಲೈನಿಂದ ಅಕ್ಟೋಬರ್ ತನಕ 28,000ದಲ್ಲೇ ನಡೆಸಿದರೂ 44,000 ಬೇಕು. ಮನೆಯಲ್ಲಿ ಬಳೆಯೋ ಸರವೋ ಇದ್ದರೆ ಬ್ಯಾಂಕಿನಲ್ಲಿ ಅಡವಿಡು. ಓಣಿಯ ಸಾವಕಾರನ ಹತ್ತಿರ ಹೋಗಬೇಡ, ಅವನು ಹೇಳುವ "ಬರೀ ಎರಡು ಪರ್ಸೆಂಟ್" ತಿಂಗಳದ್ದು, ವರ್ಷಕ್ಕೆ ಇಪ್ಪತ್ತನಾಲ್ಕು. ನವೆಂಬರಿನಿಂದ ತಿಂಗಳಿಗೆ 16,000 ಉಳಿಯುತ್ತದೆ, ಮೊದಲು ಬಳೆ ಬಿಡಿಸಿಕೊ. ಹೀಗೆ ಮಾಡಿದರೂ ಮುಂದಿನ ಮಳೆಗಾಲಕ್ಕೆ ಸುಮಾರು 25,000 ಕಡಿಮೆ ಬೀಳುತ್ತದೆ. ಅದನ್ನು ಉಳಿಸಿ ತುಂಬಿಸಲು ಆಗುವುದಿಲ್ಲ, ದುಡಿದೇ ತುಂಬಬೇಕು. ಹದಿನಾರು ವರ್ಷ ಹೋಟೆಲಿನಲ್ಲಿದ್ದವರು ಅವರು! ಗಣಪತಿಗೆ ಮೋದಕ, ದೀಪಾವಳಿಗೆ ಚಕ್ಕುಲಿ, ಕರಂಜಿ, ಚಿವಡಾ, ಇವನ್ನು ಡೊಂಬಿವಲಿಯಲ್ಲಿ ಈಗ ಎಷ್ಟು ಮನೆಯವರು ತಾವೇ ಮಾಡುತ್ತಾರೆ? ಕೆಲಸಕ್ಕೆ ಹೋಗುವ ಹೆಂಗಸರು ಆರ್ಡರ್ ಕೊಟ್ಟೇ ತರಿಸುವುದು. ಸರಿಯಾಗಿ ನಿಮ್ಮ ಬಡ ತಿಂಗಳುಗಳಲ್ಲೇ ಆ ಹಬ್ಬಗಳು ಬರುತ್ತವೆ. ಮನೆಯಿಂದ ತಿಂಡಿ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಬೇಕು, ಅದೊಂದು ಮಾಡಿಸಿಕೊಳ್ಳಿ.

ಅಂದ ಹಾಗೆ ನಿಮ್ಮ ಬಿಲ್ಡಿಂಗಿನ ಹೆಂಗಸರು ಭಿಶಿ, ಅಂದರೆ ಚೀಟಿ, ನಡೆಸುತ್ತಾರೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀ. ಸೇರುವುದಾದರೆ ನಂಬಿಕೆಯವರು ಇದ್ದಲ್ಲಿ ಮಾತ್ರ ಸೇರು. ಚೀಟಿ ಎತ್ತುವ ಮೊದಲೇ ಜುಲೈ ತಿಂಗಳ ನಂಬರು ನನಗೆ ಅಂತ ಕೇಳಿಕೊ.

ಪ್ರಶ್ನೆ: ನನಗೆ 27. ಘನ್ಸೋಲಿಯಲ್ಲಿ ಇಬ್ಬರು ಗೆಳೆಯರ ಜೊತೆ ರೂಮು. ಕಂಪನಿಯಲ್ಲಿ ಸಂಬಳ ಕಡಿಮೆ ಮಾಡಿ ಉಳಿದದ್ದು ಕಮಿಷನ್ ಅಂದರು. ಕ್ರೆಡಿಟ್ ಕಾರ್ಡಿನಲ್ಲಿ 62,000 ಬಾಕಿ. ತಪ್ಪದೆ ಮಿನಿಮಮ್ ಕಟ್ಟುತ್ತಿದ್ದೇನೆ, ಆದರೂ ಇಳಿಯುತ್ತಿಲ್ಲ. ಕುಂದಾಪುರದಲ್ಲಿ ಅಮ್ಮನಿಗೆ ಏನೂ ಹೇಳಿಲ್ಲ.

ಉತ್ತರ: ಇಳಿಯುವುದಿಲ್ಲ ಮಾರಾಯ. ನಿನ್ನ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಅಂತ ಬರೆದಿದ್ದೀಯ, ಅಂದರೆ 2,170 ರೂಪಾಯಿ. ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ, ಇನ್ನೊಂದು 390. ನೀನು ಕಟ್ಟುವ ಮಿನಿಮಮ್ 3,100. ಅದರಲ್ಲಿ ಸಾಲಕ್ಕೆ ಹೋದದ್ದು ಬರೀ 540. ಅದೇ ತಿಂಗಳು ಆ ಕಾರ್ಡಿನಲ್ಲಿ ಒಂದು ಬಿರಿಯಾನಿ, ಒಂದು ರೀಚಾರ್ಜ್ ಮಾಡಿದೆ ಅಂದರೆ ಮುಗಿಯಿತು. ಇನ್ನೊಂದು ಮಾತು, ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ.

ಇವತ್ತೇ ಕಾರ್ಡನ್ನು ಫೋನಿನ ಎಲ್ಲ ಆ್ಯಪ್‌ಗಳಿಂದ ತೆಗೆ. ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತಿಗೆ ಬದಲಿಸಿ ಅಂತ ಕೇಳು, ಸಾಮಾನ್ಯವಾಗಿ ಅದರ ಬಡ್ಡಿ ಕಡಿಮೆ ಇರುತ್ತದೆ. ಆದರೆ ಪ್ರೊಸೆಸಿಂಗ್ ಫೀ ಎಷ್ಟು ಅಂತ ಕೇಳದೆ ಹೂಂ ಅನ್ನಬೇಡ. ನಿನ್ನ ಹೆಸರಿನಲ್ಲಿ 40,000 ಎಫ್‌ಡಿ ಇದೆ ಅಂತಲೂ ಬರೆದಿದ್ದೀ! ಏಳು ಪರ್ಸೆಂಟ್ ತರುವ ದುಡ್ಡನ್ನು ಬ್ಯಾಂಕಿನಲ್ಲಿ ಮಲಗಿಸಿ, ವರ್ಷಕ್ಕೆ ನಲವತ್ತೆರಡು ಪರ್ಸೆಂಟಿನ ಸಾಲಕ್ಕೆ ನೀರೆರೆಯುತ್ತಿದ್ದೀಯಲ್ಲ. ಎಫ್‌ಡಿ ಮುರಿ. ಐದು ಸಾವಿರ ಕೈಯಲ್ಲಿಟ್ಟುಕೊಂಡು 35,000 ಕಾರ್ಡಿಗೆ ಕಟ್ಟು, ಉಳಿದ 27,000ಕ್ಕೆ ಮಾತ್ರ ಕಂತು ಮಾಡಿಸು.

ಅಮ್ಮನಿಗೆ ಹೇಳು. ಪೂರ್ತಿ ಲೆಕ್ಕ ಬೇಡ, ಸಂಬಳ ಕಡಿಮೆ ಆಗಿದೆ, ಆರು ತಿಂಗಳು ಊರಿಗೆ ಕಳಿಸಲು ಆಗುವುದಿಲ್ಲ ಅಂತ ಅಷ್ಟು ಸಾಕು. ಬೈದರೆ ಬೈಸಿಕೊ.

ಪ್ರಶ್ನೆ: ಗೋರೆಗಾಂವ್‌ನಲ್ಲಿದ್ದೇವೆ. ಯಜಮಾನರ ಅಂಗಡಿ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಆದರೆ ಮದುವೆ ಮುಯ್ಯಿ, ಊರಿನ ದೇವಸ್ಥಾನದ ವಂತಿಗೆ, ಇಲ್ಲಿನ ಮಂಡಳದ ಗಣಪತಿ ವರ್ಗಣಿ ನಿಲ್ಲುವುದಿಲ್ಲ. ಕಡಿಮೆ ಕೊಟ್ಟರೆ ಮರ್ಯಾದೆ ಹೋಗುತ್ತದೆ ಅಂತ ಅತ್ತೆ.

ಉತ್ತರ: ಅತ್ತೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಮುಂಬೈಗೆ ಬಂದು ನೆಲೆ ಕಂಡ ನಮ್ಮ ಜನಕ್ಕೆ ಊರಿನ ವಂತಿಗೆ ಪುಸ್ತಕದಲ್ಲಿ ಹೆಸರು ಕಾಣುವುದು ದೊಡ್ಡ ವಿಷಯ. ಹಾಗಾಗಿ ನಿಲ್ಲಿಸಬೇಡಿ, ಇಳಿಸಿ. ನಿಮ್ಮ ಮನೆಯ ಹಳೆ ಮುಯ್ಯಿ ಪುಸ್ತಕ ತೆಗೆದು ನೋಡಿ, ಯಾರು ನಿಮಗೆ ಎಷ್ಟು ಹಾಕಿದ್ದರೋ ಅಷ್ಟು ತಿರುಗಿಸಿ, ಅದಕ್ಕಿಂತ ಮೇಲೆ ಈ ಎರಡು ವರ್ಷ ಬೇಡ. ದೂರದ ನಂಟರ ಮದುವೆಗೆ ನಾಲ್ಕು ಜನ ಹೋಗುವ ಬದಲು ಒಬ್ಬರು ಹೋಗಿ. ಸೀರೆ ಬೇಡ, ಲಕೋಟೆ ಸಾಕು. ಇನ್ನು ಮಂಡಳದ ಹುಡುಗರು. ಅವರು ಹೇಗೂ ಐನೂರು ಕೇಳಿ ಇನ್ನೂರು ತೆಗೆದುಕೊಂಡು ಹೋಗುವವರೇ, ನಗುತ್ತಾ ನೂರು ಕೊಡಿ.

ಪ್ರಶ್ನೆ: ಠಾಣೆಯವನು, ವಯಸ್ಸು 48. ಕೆಲಸ ಹೋಗಿ ಐದು ವಾರ ಆಯಿತು. ಮನೆಯಲ್ಲಿ ಹೇಳಿಲ್ಲ. ದಿನಾ ಡಬ್ಬಿ ಹಿಡಿದು ಹೊರಡುತ್ತೇನೆ, ಸಂಜೆ ಬರುತ್ತೇನೆ. ಹೊಸ ಕೆಲಸ ಸಿಕ್ಕಿದ ಮೇಲೆಯೇ ಹೇಳುವುದು ಒಳ್ಳೆಯದಲ್ಲವೇ?

ಉತ್ತರ: ಅಲ್ಲ ಅಣ್ಣ. ನೀವು ದಿನವಿಡೀ ಎಲ್ಲಿ ಕೂತಿರುತ್ತೀರಿ ಅಂತ ಯೋಚಿಸಿ ನನಗೆ ಆ ಪತ್ರ ಮಡಚಿಡಲು ಆಗಲಿಲ್ಲ. ನೀವು ಹೇಳದೆ ಇರುವಷ್ಟು ದಿನ ಮನೆಯಲ್ಲಿ ಹಳೆ ಸಂಬಳದ ಲೆಕ್ಕದಲ್ಲೇ ಖರ್ಚು ನಡೆಯುತ್ತದೆ. ಪಾಪ, ಅವರ ತಪ್ಪೇನು? ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆಯವರಿಗೆ ಹೇಳಿ. ಅವರಿಗೆ ಅರ್ಧ ಗೊತ್ತೇ ಇರುತ್ತದೆ, ಡಬ್ಬಿ ತೊಳೆಯುವವರಿಗೆ ಗೊತ್ತಾಗದ್ದು ಕಡಿಮೆ.

ಎರಡು ಕೆಲಸ ಈ ವಾರವೇ ಮಾಡಿ. ಕಂಪನಿಯ ಮೆಡಿಕ್ಲೇಮ್ ಕೆಲಸದ ಜೊತೆಗೇ ಹೋಗುತ್ತದೆ. ಅದೇ ವಿಮಾ ಕಂಪನಿಗೆ ಫೋನ್ ಮಾಡಿ, ಗುಂಪಿನ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಗಲು ಇನ್ನೂ ಅವಕಾಶ ಇದೆಯಾ ಕೇಳಿ. ಎರಡನೆಯದು, ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ಸೇರಿ. ವರ್ಷಕ್ಕೆ 436 ರೂಪಾಯಿ, 2 ಲಕ್ಷದ ಜೀವ ವಿಮೆ, 50 ವರ್ಷದ ಒಳಗೆ ಸೇರಬೇಕು. ಅಪಘಾತಕ್ಕೆ ಸುರಕ್ಷಾ ವಿಮೆ ಬೇರೆ ಇದೆ, ವರ್ಷಕ್ಕೆ 20 ರೂಪಾಯಿ. ಮೇ ತಿಂಗಳ ಕೊನೆಗೆ ಖಾತೆಯಿಂದ ತಾನೇ ಕಡಿತ ಆಗುತ್ತದೆ, ಆಗ ಖಾತೆ ಖಾಲಿ ಇರಬಾರದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಡಾಕ್ಟರಿಗೆ ಕೇಳಿ ಜನೌಷಧಿ ಕೇಂದ್ರದಲ್ಲಿ ತೆಗೆದುಕೊಳ್ಳಿ, ಬೆಲೆ ತುಂಬಾ ಕಡಿಮೆ. ಹೇಳಿದ ಮೇಲೆ ನನಗೊಂದು ಸಾಲು ಬರೆಯಿರಿ, ಪ್ರಕಟಿಸುವುದಿಲ್ಲ.

ಪ್ರಶ್ನೆ: ವರ್ಷದ ಮಸಾಲೆ, ಅಕ್ಕಿ, ಒಣ ಮೀನು ಎಲ್ಲ ಮಳೆಗೆ ಮೊದಲೇ ತುಂಬಿಸಿಡುವುದು ಈಗಲೂ ಲಾಭವೇ? (ವಾಶಿ)

ಉತ್ತರ: ಮೆಣಸು ಹೌದು. ಏಪ್ರಿಲ್‌ನಲ್ಲಿ ಬ್ಯಾಡಗಿ ತಂದು, ನಾಲ್ಕು ಬಿಸಿಲು ಕಾಯಿಸಿ, ಲಾಲ್‌ಬಾಗಿನ ಮಿರ್ಚಿ ಗಲ್ಲಿಗೋ ಹತ್ತಿರದ ಗಿರಣಿಗೋ ಕೊಟ್ಟು ಕುಟ್ಟಿಸಿದರೆ ಪ್ಯಾಕೆಟ್ ಪುಡಿಗಿಂತ ಅಗ್ಗ, ರುಚಿಯೂ ಬೇರೆ. ಒಣ ಮೀನೂ ಹೌದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಬಂಗುಡೆಯ ಬೆಲೆ ಕೇಳಿದರೆ ಹೊಟ್ಟೆ ತುಂಬುತ್ತದೆ. ಅಕ್ಕಿ ಎರಡು ತಿಂಗಳಿಗಿಂತ ಜಾಸ್ತಿ ಬೇಡ, ನಮ್ಮ ಮುಂಬೈ ಮಳೆಗೆ ಹುಳ ಹಿಡಿಯುತ್ತದೆ, ಆಮೇಲೆ ಕೇರುತ್ತಾ ಕೂರುವವರು ಯಾರು. ಬೇಳೆ, ರವೆ ತಿಂಗಳಿಗಾಗುವಷ್ಟೇ ತನ್ನಿ. ಒಣ ಮೀನಿನ ಡಬ್ಬಿಗೆ ಬಿಗಿ ಮುಚ್ಚಳ ಇರಲಿ, ಇಲ್ಲದಿದ್ದರೆ ಪಕ್ಕದ ಫ್ಲ್ಯಾಟಿನವರ ಪತ್ರ ಮುಂದಿನ ತಿಂಗಳು ನನಗೇ ಬರುತ್ತದೆ.