ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಹಾರ್ಡ್ ಡಿಸ್ಕ್: ಎಕ್ಸ್‌ಫ್ಯಾಟ್ ಮಾಡಿ, ಮಾಸ್ತರೇ

ಮಾಸ್ತರೇ, ನಮಸ್ಕಾರ. ಒಂದೇ ಹಾರ್ಡ್ ಡಿಸ್ಕ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯಬೇಕಾದರೆ ಯಾವ ಫಾರ್ಮ್ಯಾಟ್ ಮಾಡಬೇಕು, ಅಂದರೆ ಡಿಸ್ಕ್ ಮೇಲೆ ಫೈಲ್ ಜೋಡಿಸಿಡುವ ಪದ್ಧತಿ ಯಾವುದಿರಬೇಕು ಅಂತ ಕೇಳಿದ್ದೀರಿ. ಗುಂಪಿನಲ್ಲಿ ಆಗಲೇ ಮೂವರು ಮೂರು ಥರ ಹೇಳಿದ್ದಾರೆ. ಒಬ್ಬರು ಎನ್‌ಟಿಎಫ್‌ಎಸ್ ಅಂದರು. ಇನ್ನೊಬ್ಬರು ಫ್ಯಾಟ್32 ಸಾಕು ಅಂದರು. ಮತ್ತೊಬ್ಬರು ಹೇಗೂ ಲಿನಕ್ಸ್ ಇದೆಯಲ್ಲ, ಇಎಕ್ಸ್‌ಟಿ4 ಮಾಡಿಬಿಡಿ ಅಂದರು. ಮೂವರ ಮಾತಿನಲ್ಲೂ ಅರ್ಥ ಇದೆ, ಆದರೆ ನಿಮ್ಮ ಕೆಲಸಕ್ಕೆ ನಾನು ಹೇಳುವುದು ನಾಲ್ಕನೆಯದು: ಎಕ್ಸ್‌ಫ್ಯಾಟ್. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಮ್ಮ ಸಂಗತಿ ನನಗೆ ತಿಳಿದಂತೆ. ಗದಗದ ಮನೆಯ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹತ್ತಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಲ್ಲಿಸಿದ ಮೇಲೆ ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದಾನೆ. ವಿಡಿಯೊ ಎಡಿಟ್ ಮಾಡುವುದು ಹುಬ್ಬಳ್ಳಿಯಲ್ಲಿ, ಮಗಳ ವಿಂಡೋಸ್ 11 ಕಂಪ್ಯೂಟರ್‌ನಲ್ಲಿ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ 6 ಜಿಬಿ ವಿಡಿಯೊ ಪೆನ್‌ಡ್ರೈವ್‌ಗೆ ಹೋಗಲಿಲ್ಲ, ಜಾಗ ಬೇಕಾದಷ್ಟು ಖಾಲಿ ಇತ್ತು. ಅದಕ್ಕೇ ಹೊಸ 1 ಟಿಬಿ ಹಾರ್ಡ್ ಡಿಸ್ಕ್ ತಂದಿದ್ದೀರಿ. ಇಷ್ಟೇ ಅಲ್ವಾ?

ಪೆನ್‌ಡ್ರೈವ್ ಕೆಟ್ಟಿಲ್ಲ, ಎಸೆಯಬೇಡಿ. ಅದು ಫ್ಯಾಟ್32 ಇದೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಡ್ರೈವ್ ಎಷ್ಟೇ ದೊಡ್ಡದಿರಲಿ. ಫೈಲ್‌ನ ಅಳತೆ ಬರೆದಿಡಲು ಅದರಲ್ಲಿ ಇರುವುದೇ 32 ಬಿಟ್ ಜಾಗ, ಅದಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಹಿಡಿಯುವುದಿಲ್ಲ. ಹಳೆ ಕಾರ್ ಸ್ಟಿರಿಯೊಗೆ ಹಾಡು ಹಾಕಿಕೊಳ್ಳಲು ಆ ಪೆನ್‌ಡ್ರೈವ್ ಹಾಗೇ ಇಟ್ಟುಕೊಳ್ಳಿ.

ಇಎಕ್ಸ್‌ಟಿ4 ಲಿನಕ್ಸ್ ಒಳಗೆ ಬಹಳ ಗಟ್ಟಿ. ಆದರೆ ವಿಂಡೋಸ್ ಅದನ್ನು ತಾನಾಗಿ ಓದುವುದಿಲ್ಲ. ಓದದೆ ಸುಮ್ನೆ ಕೂತರೂ ಆಗುತ್ತಿತ್ತು, ಡ್ರೈವ್ ಚುಚ್ಚಿದ ತಕ್ಷಣ 'ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ' ಅಂತ ಕೇಳುತ್ತದೆ. ಮಗಳ ಮನೆಯಲ್ಲಿ ಮೊಮ್ಮಕ್ಕಳು ಯಾರಾದರೂ ಹೌದು ಅಂತ ಒತ್ತಿದರೆ ಕಥೆ ಮುಗಿಯಿತು. ಎರಡು ಮನೆ ತಿರುಗುವ ಡ್ರೈವ್‌ಗೆ ಇದು ಬ್ಯಾಡ್ರಿ.

ಇನ್ನು ಎನ್‌ಟಿಎಫ್‌ಎಸ್. ಇದನ್ನು ಹೇಳಿದವರದು ದಡ್ಡ ಸಲಹೆ ಅಲ್ಲ. ವಿಂಡೋಸ್‌ನ ಸ್ವಂತ ಫಾರ್ಮ್ಯಾಟ್, ದೊಡ್ಡ ಫೈಲ್‌ಗೆ ತೊಂದರೆ ಇಲ್ಲ. ಲಿನಕ್ಸ್ ಕೂಡ ಬಹಳ ವರ್ಷಗಳಿಂದ ಅದಕ್ಕೆ ಬರೆಯುತ್ತಿದೆ, 2021ರ 5.15 ಕರ್ನೆಲ್‌ನಿಂದ (ಕರ್ನೆಲ್ ಅಂದರೆ ಲಿನಕ್ಸ್‌ನ ತಿರುಳು) ಹೊಸ ಚಾಲಕವೂ, ಅಂದರೆ ಆ ಫಾರ್ಮ್ಯಾಟ್ ಓದಿ ಬರೆಯುವ ತಂತ್ರಾಂಶವೂ, ಒಳಗೇ ಬಂದಿದೆ. ತಕರಾರು ಇರುವುದು ಬೇರೆ ಕಡೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಇದೆ. ನೀವು ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಮಲಗುವುದಿಲ್ಲ, ಅರ್ಧ ಎಚ್ಚರ ಇಟ್ಟುಕೊಂಡು ಮಲಗುತ್ತದೆ. ಆಗ ಡ್ರೈವ್ ಇಜೆಕ್ಟ್ ಮಾಡದೆ ಸಿಕ್ಕಿಸಿಯೇ ಬಿಟ್ಟಿದ್ದರೆ 'ನನ್ನ ಕೆಲಸ ಇನ್ನೂ ಮುಗಿದಿಲ್ಲ' ಎಂಬ ಗುರುತು ಡ್ರೈವ್ ಮೇಲೆ ಉಳಿದುಬಿಡಬಹುದು. ಅದನ್ನು ಗದಗಕ್ಕೆ ತಂದು ಮಿಂಟ್‌ಗೆ ಚುಚ್ಚಿದರೆ ಓದಲು ಮಾತ್ರ ತೆರೆದುಕೊಳ್ಳುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ನಮ್ಮ ಗುಂಪಿನಲ್ಲಿ 'ಲಿನಕ್ಸ್‌ನಲ್ಲಿ ಫೈಲ್ ಪೇಸ್ಟ್ ಆಗುತ್ತಿಲ್ಲ' ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ಕೇಳುವುದೇ ಇದನ್ನ. ಮದ್ದು ಸುಲಭ. ಅದೇ ವಿಂಡೋಸ್ ಕಂಪ್ಯೂಟರ್‌ಗೆ ಮತ್ತೆ ಚುಚ್ಚಿ, ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಕೊಡಿ, ಆಗ ಪೂರ್ತಿ ಬಂದ್ ಆಗುತ್ತದೆ. ರೀಸ್ಟಾರ್ಟ್ ಕೊಟ್ಟರೂ ನಡೆಯುತ್ತದೆ. ಆದರೆ ಗದಗದಲ್ಲಿ ಕೂತವರು ಇಷ್ಟಕ್ಕಾಗಿ ಹುಬ್ಬಳ್ಳಿ ಬಸ್ ಹತ್ತಬೇಕಾ?

ಎಕ್ಸ್‌ಫ್ಯಾಟ್ ನಿಮಗೆ ಹೊಸದಲ್ಲ, ಹೆಸರು ಗೊತ್ತಿಲ್ಲ ಅಷ್ಟೇ. ನಿಮ್ಮ ಕ್ಯಾಮೆರಾದ 64 ಜಿಬಿ ಕಾರ್ಡ್ ಆಗಲೇ ಎಕ್ಸ್‌ಫ್ಯಾಟ್‌ನಲ್ಲಿದೆ. 32 ಜಿಬಿ ದಾಟಿದ ಎಸ್‌ಡಿ ಕಾರ್ಡ್‌ಗಳಿಗೆ ಅದೇ ನಿಯಮ. ಆ 6 ಜಿಬಿ ವಿಡಿಯೊ ಕಾರ್ಡ್‌ನಲ್ಲಿ ಒಂದೇ ಫೈಲ್ ಆಗಿ ಕೂತದ್ದೂ ಅದಕ್ಕೇ. ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು ಇದು. ಬಹಳ ವರ್ಷ ಲಿನಕ್ಸ್‌ನಲ್ಲಿ ಬೇರೆ ಪ್ಯಾಕೇಜ್ ಹಾಕಿಕೊಂಡರಷ್ಟೇ ತೆರೆಯುತ್ತಿತ್ತು, ಹಳಬರಿಗೆ ಇದರ ಮೇಲೆ ಸಿಟ್ಟು ಇರುವುದು ಅದಕ್ಕೆ. 2019ರಲ್ಲಿ ಮೈಕ್ರೋಸಾಫ್ಟ್ ಅದರ ಒಳವಿವರವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ 5.4 ಕರ್ನೆಲ್‌ಗೆ ಮೊದಲ ಚಾಲಕ ಬಂತು, 2020ರಲ್ಲಿ 5.7ಕ್ಕೆ ಸ್ಯಾಮ್‌ಸಂಗ್‌ನವರು ಬರೆದ ಒಳ್ಳೆಯ ಚಾಲಕ ಬಂತು. ಈಗಿನ ಮಿಂಟ್‌ನಲ್ಲಿ ಏನೂ ಹಾಕಿಕೊಳ್ಳುವುದು ಬೇಡ, ಚುಚ್ಚಿದರೆ ತೆರೆಯುತ್ತದೆ. ಮ್ಯಾಕ್ ಇದ್ದವರೂ ಓದಬಹುದು, ಬರೆಯಬಹುದು.

ಫಾರ್ಮ್ಯಾಟ್ ಮಾಡುವುದನ್ನು ಮಗಳ ವಿಂಡೋಸ್‌ನಲ್ಲೇ ಮಾಡಿ. ಡ್ರೈವ್ ಒಳಗೆ ಆಗಲೇ ಏನಾದರೂ ಹಾಕಿದ್ದರೆ ಮೊದಲು ಬೇರೆ ಕಡೆ ತೆಗೆದಿಡಿ, ಎಲ್ಲ ಅಳಿಸಿಹೋಗುತ್ತದೆ. ದಿಸ್ ಪಿಸಿ ತೆರೆದು, ಹೊಸ ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್. ಫೈಲ್ ಸಿಸ್ಟಮ್ ಇರುವಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಅದರ ಕೆಳಗಿನ ಅಲೊಕೇಶನ್ ಯೂನಿಟ್ ಸೈಜ್ ಹೇಗಿದೆಯೋ ಹಾಗೇ ಬಿಡಿ. ಡ್ರೈವ್‌ಗೆ ಒಂದು ಹೆಸರು ಕೊಡಿ, 11 ಅಕ್ಷರ ಮೀರದಂತೆ. ಕ್ವಿಕ್ ಫಾರ್ಮ್ಯಾಟ್ ಟಿಕ್ ಇರಲಿ, ಸ್ಟಾರ್ಟ್ ಒತ್ತಿ. ಟಿಕ್ ತೆಗೆದರೆ ಡಿಸ್ಕ್‌ನ ಮೂಲೆ ಮೂಲೆ ಪರೀಕ್ಷೆ ಮಾಡುತ್ತದೆ, 1 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೊಸ ಡ್ರೈವ್ ಮೇಲೆ ಅನುಮಾನ ಇದ್ದರೆ ಮಾತ್ರ ಮಾಡಿ.

ಸ್ಟಾರ್ಟ್ ಒತ್ತುವ ಮುಂಚೆ ಅಳತೆ ನೋಡಿ. 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಂದಾಜು 931 ಅಲ್ಲದ ಯಾವ ಡ್ರೈವ್ ಮೇಲೂ ಆ ಗುಂಡಿ ಒತ್ತಬೇಡಿ.

ಲಿನಕ್ಸ್‌ನಲ್ಲೇ ಮಾಡಬೇಕು ಅಂದರೆ ಮಿಂಟ್‌ನ ಡಿಸ್ಕ್ಸ್ ಆ್ಯಪ್‌ನಲ್ಲೂ ಆಗುತ್ತದೆ. ಎಡಗಡೆ ಡ್ರೈವ್ ಆರಿಸಿ, ಗೇರ್ ಗುರುತು ಒತ್ತಿ, ಫಾರ್ಮ್ಯಾಟ್ ಪಾರ್ಟಿಶನ್, ಅಲ್ಲಿ 'ಅದರ್' ಒಳಗೆ ಎಕ್ಸ್‌ಫ್ಯಾಟ್ ಸಿಗುತ್ತದೆ. ವಿಂಡೋಸ್‌ನಲ್ಲೇ ಮಾಡಿ ಅಂದದ್ದಕ್ಕೆ ಕಾರಣ ಇದೆ. ಪಾರ್ಟಿಶನ್ (ಡಿಸ್ಕ್‌ನ ಒಂದು ಭಾಗ) ಮೇಲೆ ಲಿನಕ್ಸ್‌ನದು ಎಂಬ ಗುರುತು ಉಳಿದುಕೊಂಡರೆ, ಒಳಗೆ ಎಕ್ಸ್‌ಫ್ಯಾಟ್ ಇದ್ದರೂ ವಿಂಡೋಸ್ ಅದಕ್ಕೆ ಡಿ, ಇ ಥರದ ಡ್ರೈವ್ ಅಕ್ಷರ ಕೊಡದೆ ಇರಬಹುದು. ವಿಂಡೋಸ್ ಮಾಡಿದ್ದನ್ನು ಲಿನಕ್ಸ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಈಗ ಎಕ್ಸ್‌ಫ್ಯಾಟ್‌ನ ಕೊರತೆ. ಅದಕ್ಕೆ ಜರ್ನಲ್ ಇಲ್ಲ. ಜರ್ನಲ್ ಅಂದರೆ ಏನು ಬರೆಯಲು ಹೊರಟಿದ್ದೇನೆ ಎಂದು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ. ಎನ್‌ಟಿಎಫ್‌ಎಸ್‌ಗೂ ಇಎಕ್ಸ್‌ಟಿ4ಗೂ ಅದು ಇದೆ, ನಡುವೆ ಕರೆಂಟ್ ಹೋದರೆ ಪುಸ್ತಕ ನೋಡಿ ಸರಿಮಾಡಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್ ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಆ ಫೈಲ್ ಅಷ್ಟೇ ಅಲ್ಲ, ಕೆಲವೊಮ್ಮೆ ಇಡೀ ಫೋಲ್ಡರ್ ಹಾಳಾಗುತ್ತದೆ. ಲಿನಕ್ಸ್‌ನಲ್ಲಿ ಇನ್ನೂ ಒಂದು ಮೋಸ ಇದೆ. ಕಾಪಿಯ ಪಟ್ಟಿ ಸರ್ರನೆ ಓಡಿ ಕೊನೆ ಮುಟ್ಟುತ್ತದೆ, ಕಿಟಕಿ ಮುಚ್ಚಿಕೊಳ್ಳುತ್ತದೆ, ಡ್ರೈವ್‌ನ ಚಿಕ್ಕ ದೀಪ ಮಾತ್ರ ಇನ್ನೂ ಮಿಣುಕುತ್ತಲೇ ಇರುತ್ತದೆ. ಫೈಲ್ ಇನ್ನೂ ಮೆಮೊರಿಯಲ್ಲೇ ಇದೆ, ಡಿಸ್ಕ್‌ಗೆ ಇಳಿಯುತ್ತಿದೆ. ಫೈಲ್ ಮ್ಯಾನೇಜರ್‌ನಲ್ಲಿ ಡ್ರೈವ್ ಹೆಸರಿನ ಪಕ್ಕದ ಇಜೆಕ್ಟ್ ಗುರುತು ಒತ್ತಿ. ದೊಡ್ಡ ವಿಡಿಯೊ ಇದ್ದರೆ ಒಂದೆರಡು ನಿಮಿಷ ಹಿಡಿಯಬಹುದು. ತೆಗೆಯಬಹುದು ಅಂತ ಅದು ಹೇಳಿದ ಮೇಲೆ ಕೇಬಲ್ ಮುಟ್ಟಿ. ಬಸ್‌ಗೆ ಹೊತ್ತಾಗಿದ್ದರೂ ಅಷ್ಟೇ.

ನೀವು ಫೈಲ್‌ಗಳಿಗೆ ಕನ್ನಡದಲ್ಲೇ ಉದ್ದುದ್ದ ಹೆಸರು ಕೊಡುತ್ತೀರಿ, ಹಕ್ಕಿ, ಜಾಗ, ತಾರೀಖು ಎಲ್ಲ ಸೇರಿಸಿ. ಒಳ್ಳೆಯ ರೂಢಿ. ಆದರೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಹೆಸರಿಗೆ 255 ಅಕ್ಷರ ಸಂಕೇತಗಳ ಮಿತಿ. ನಿಮ್ಮ ಮಿಂಟ್ ಲ್ಯಾಪ್‌ಟಾಪ್ ಒಳಗಿನ ಡಿಸ್ಕ್ ಸಾಮಾನ್ಯವಾಗಿ ಇಎಕ್ಸ್‌ಟಿ4 ಇರುತ್ತದೆ, ಅಲ್ಲಿ ಮಿತಿ 255 ಬೈಟ್. 'ಹೆಬ್ಬಾತು' ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಕೊಂಬು, ಒತ್ತು, ದೀರ್ಘ ಎಲ್ಲ ಬೇರೆ ಬೇರೆ, ಒಟ್ಟು ಎಂಟು ಸಂಕೇತ. ಲಿನಕ್ಸ್‌ನಲ್ಲಿ ಒಂದೊಂದಕ್ಕೆ 3 ಬೈಟ್, ಅಲ್ಲಿಗೆ 24 ಆಯಿತು. ಹೀಗೆ 85 ಸಂಕೇತಕ್ಕೆ ಜಾಗ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ಸರಿ ಇದ್ದ ಫೈಲ್ ಗದಗದಲ್ಲಿ 'ಹೆಸರು ಉದ್ದ ಆಯಿತು' ಅಂತ ನಿಂತರೆ ಗಾಬರಿ ಬೇಡ, ಹೆಸರು ಮೊಟಕು ಮಾಡಿ. ಸಮಯ ಬರೆಯುವಾಗ ನಡುವೆ ಎರಡು ಚುಕ್ಕಿ ಇಡಬೇಡಿ, 6-30 ಅಂತ ಬರೆಯಿರಿ. ಎರಡು ಚುಕ್ಕಿ, ಪ್ರಶ್ನೆ ಗುರುತು, ನಕ್ಷತ್ರ ಇವನ್ನು ವಿಂಡೋಸ್ ಫೈಲ್ ಹೆಸರಿನಲ್ಲಿ ಒಪ್ಪುವುದಿಲ್ಲ.

ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಇನ್ನೊಂದು ಮಾತು. ಈ ಅಳತೆಯ ಡ್ರೈವ್‌ನಲ್ಲಿ ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ 128 ಕೆಬಿಯ ತುಂಡುಗಳಲ್ಲಿ ಜಾಗ ಕೊಡುತ್ತದೆ. 2 ಕೆಬಿಯ ಟಿಪ್ಪಣಿಯೂ 128 ಕೆಬಿ ತಿನ್ನುತ್ತದೆ. ವಿಡಿಯೊ, ಫೋಟೊಗೆ ಇದು ಲೆಕ್ಕಕ್ಕಿಲ್ಲ. ಸಾವಿರಾರು ಸಣ್ಣ ಫೈಲ್ ಇದ್ದರೆ ಜಿಪ್ ಮಾಡಿ ಹಾಕಿ. ಮಿಂಟ್‌ನ ಹೋಮ್ ಫೋಲ್ಡರ್‌ನ ಬ್ಯಾಕಪ್ ಕೂಡ ನೇರವಾಗಿ ಇದರಲ್ಲಿ ಕಾಪಿ ಮಾಡಬೇಡಿ. ಲಿನಕ್ಸ್‌ನ ಫೈಲ್ ಅನುಮತಿಗಳು (ಯಾವ ಫೈಲ್ ಯಾರು ಓದಬಹುದು, ಬರೆಯಬಹುದು ಎಂಬುದು) ಎಕ್ಸ್‌ಫ್ಯಾಟ್‌ನಲ್ಲಿ ಉಳಿಯುವುದಿಲ್ಲ. ಟಾರ್ ಫೈಲ್ ಆಗಿ, ಅಂದರೆ ಎಲ್ಲ ಸೇರಿಸಿ ಒಂದೇ ಗಂಟಾಗಿ, ಕಟ್ಟಿ ಹಾಕಿದರೆ ಉಳಿಯುತ್ತವೆ.

ಟಿವಿಗೆ ಚುಚ್ಚಿ ನೋಡುವ ಆಸೆ ಇದೆ ಅಂತಲೂ ಬರೆದಿದ್ದೀರಿ. ಟಿವಿಯ ಕೈಪಿಡಿಯಲ್ಲಿ ಎಕ್ಸ್‌ಫ್ಯಾಟ್ ಹೆಸರಿದೆಯಾ ನೋಡಿ, ಕೆಲವು ಹಳೆ ಟಿವಿ ಓದುವುದಿಲ್ಲ.

ಮಿಂಟ್‌ನ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಲಿನಕ್ಸ್ ಕರ್ನೆಲ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ 5.7 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆ ಇದ್ದರೆ ಇವತ್ತೇ ಫಾರ್ಮ್ಯಾಟ್ ಮಾಡಿಸಲು ಮಗಳಿಗೆ ಫೋನ್ ಹಚ್ಚಿ. ಅದಕ್ಕಿಂತ ಕಡಿಮೆ ಇದ್ದರೆ ಆ ಸಾಲಿನ ಫೋಟೊ ಇಲ್ಲೇ ಹಾಕಿ, ಏನು ಸೇರಿಸಬೇಕು ಅಂತ ಹೇಳುತ್ತೇನೆ.