ಹನ್ನೆರಡು ತಂತಿ, ಒಂದು ದುಡಿ: ಓದುಗರ ಸಂಗೀತದ ಪ್ರಶ್ನೆಗಳು

ಪ್ರಶ್ನೆ: ಜ್ಯಾಂಗಲ್ ಪಾಪ್ ಅಂತ ಪದೇಪದೇ ಬರೆಯುತ್ತೀರಿ. ಕೇಳಿದರೆ ಗುರುತು ಹಿಡಿಯೋದು ಹೇಗೆ? ಹೊಸದರಲ್ಲಿ ಯಾವುದರಿಂದ ಶುರು ಮಾಡಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಹಾಡುವವರನ್ನು ಸ್ವಲ್ಪ ಹೊತ್ತು ಬಿಡಿ, ಗಿಟಾರ್ ಕಡೆ ಕಿವಿ ಕೊಡಿ. ಒಂದೊಂದೇ ತಂತಿ ಬಿಡಿಬಿಡಿಯಾಗಿ ಕಿಣಿಕಿಣಿ ಅನ್ನುತ್ತಿದ್ದರೆ, ರಾಕ್ ಹಾಡಿನ ಗೊರಗೊರ ಇಲ್ಲದಿದ್ದರೆ, ಅದೇ. ಇದರ ಮೂಲ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್. ತಂತಿಗಳು ಜೋಡಿಜೋಡಿ ಇರುತ್ತವೆ. ತೆಳ್ಳಗಿನ ಎರಡು ಜೋಡಿಗೆ ಒಂದೇ ಸ್ವರ. ಉಳಿದ ನಾಲ್ಕು ಜೋಡಿಯಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲೆ. ಎಷ್ಟೇ ಶ್ರುತಿ ಮಾಡಿದರೂ ಎರಡು ತಂತಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುತ್ತವೆ. ಆ ಹೊಳಪು ಬರೋದು ಅಲ್ಲಿಂದಲೇ. 1965ರಲ್ಲಿ ಬರ್ಡ್ಸ್ ತಂಡದ ರೋಜರ್ ಮೆಗ್ವಿನ್ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ಇದನ್ನು ನುಡಿಸಿ ಎಲ್ಲರ ಕಿವಿಗೂ ಮುಟ್ಟಿಸಿದರು. ಸ್ಟುಡಿಯೋದಲ್ಲಿ, ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಹಾಕಿದ್ದರಿಂದ ಸ್ವರ ಬೇಗ ಸಾಯದೆ ಎಳೆದು ನಿಲ್ಲುತ್ತದೆ.

ಹೊಸದರಲ್ಲಿ ಕೇಳಿದಿರಿ. ನನ್ನ ಆಯ್ಕೆ ನ್ಯೂಜಿಲೆಂಡಿನ ಡನೀಡನ್ ಊರಿನ ಚಿಲ್ಸ್ ತಂಡ. ದಕ್ಷಿಣದ ತುದಿಯ ಚಳಿ ಊರು ಅದು. 1981ರಲ್ಲಿ ಶುರುವಾದ ಫ್ಲೈಯಿಂಗ್ ನನ್ ಎಂಬ ಸಣ್ಣ ಕಂಪನಿ ಅಲ್ಲಿನ ಹುಡುಗರ ಹಾಡುಗಳನ್ನು ಜಗತ್ತಿಗೆ ಕೇಳಿಸಿತು. ಚಿಲ್ಸ್ ತಂಡದ ಮಾರ್ಟಿನ್ ಫಿಲಿಪ್ಸ್ ಹರೆಯದಲ್ಲಿ ಬರೆದು, ರೆಕಾರ್ಡ್ ಮಾಡದೆ ಇಟ್ಟಿದ್ದ ಹಾಡುಗಳನ್ನು ಕೊನೆಗಾಲದಲ್ಲಿ ಮತ್ತೆ ಎತ್ತಿಕೊಂಡರು. 2024ರ ಜುಲೈನಲ್ಲಿ ತೀರಿಕೊಂಡರು. ಆ ಹಾಡುಗಳು 'ಸ್ಪ್ರಿಂಗ್‌ಬೋರ್ಡ್' ಅನ್ನೋ ಆಲ್ಬಂ ಆಗಿ 2025ರ ಫೆಬ್ರುವರಿಯಲ್ಲಿ ಬಂದವು. ಇಪ್ಪತ್ತರ ಹುಡುಗ ಕಟ್ಟಿದ ರಾಗಕ್ಕೆ ಅರುವತ್ತರ ಗಂಟಲು. ಈ ಆಲ್ಬಂ ಮೇಲೆ ನನಗೆ ತುಂಬಾ ಪ್ರೀತಿ. ಒಂದು ವಾರ ಇದೊಂದನ್ನೇ ಕೇಳಿ, ಬೇರೆಯದು ಆಮೇಲೆ.

ಪ್ರಶ್ನೆ: ಜೋರು ಸದ್ದು ಆಗಿಬರಲ್ಲ. ಮೆತ್ತಗಿನ ಫೋಕ್, ಕನಸಿನ ಗುಂಗಿನಂಥ ಸೈಕೆಡೆಲಿಕ್ ಏನಾದರೂ ಹೇಳಿ.
– ನಿವೃತ್ತ ಶಿಕ್ಷಕಿ, ಮಡಿಕೇರಿ

ಉತ್ತರ: ಟೀಚರೇ, ನಿಮಗೆ ಗಾಯಕಿ ಜೆಸ್ಸಿಕಾ ಪ್ರ್ಯಾಟ್. ಆಲ್ಬಂ 'ಹಿಯರ್ ಇನ್ ದ ಪಿಚ್', 2024. ಅದರ ಹಿಂದಿನ ಆಲ್ಬಂ ಬಂದಿದ್ದು 2019ರಲ್ಲಿ. ಅಷ್ಟು ವರ್ಷ ಕಾಯಿಸಿ ಕೊಟ್ಟಿದ್ದು 9 ಹಾಡು, ಅರ್ಧ ಗಂಟೆಯೂ ಇಲ್ಲ. ಒಂದು ಹಾಡು ಕಮ್ಮಿ ಮಾಡೋಣ ಅಂದರೂ ಮನಸ್ಸು ಬರಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ತಮಗೇ ಹಾಡಿಕೊಳ್ಳುವ ಹಾಗಿದೆ ದನಿ. ಅಮೆರಿಕದ ಕ್ರುಆಂಗ್‌ಬಿನ್ ತಂಡದ 'ಎ ಲಾ ಸಾಲಾ'ನೂ ಮೆತ್ತಗಿದೆ, ಆದರೆ ಪೂರ್ತಿ ಆಲ್ಬಂ ಒಂದೇ ಓಟದಲ್ಲಿ ಹೋಗುತ್ತೆ. ಕೆಲಸ ಮಾಡ್ತಾ ಕೇಳಲು ಸರಿ. ನಮ್ಮ ದೇಶದ್ದೇ ಬೇಕಾದರೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡದ 'ಬೀಟಾ' ಇದೆ, ಅದೂ 2024ರದ್ದು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೊಸ ಹಾಡು ಕೇಳೋದು ಹೇಗೆ?
– ತೋಟದ ಮನೆಯವರು, ಭಾಗಮಂಡಲ

ಉತ್ತರ: ಕೊಂಡು ಇಳಿಸಿಟ್ಟುಕೊಳ್ಳಿ. ಪೇಟೆಗೆ ಬಂದಾಗ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಆಲ್ಬಂ ತೆಗೆದುಕೊಂಡರೆ ಫೈಲ್ ನಿಮ್ಮದೇ. ಫೋನಿಗೆ ಎಂಪಿ3 ಸಾಕು. ಡಿಜಿಟಲ್ ಆಲ್ಬಂಗೆ ಅವರು ಹಿಡಿಯೋದು ಹೆಚ್ಚೆಂದರೆ ಶೇ. 15, ಜೊತೆಗೆ ಹಣ ಕಳಿಸುವ ಖರ್ಚು. ಉಳಿದದ್ದು ಹಾಡಿದವರ ಕಡೆಗೆ. ಸ್ಪಾಟಿಫೈನಲ್ಲಿ 2024ರಿಂದ, ವರ್ಷಕ್ಕೆ 1000 ಸಲವಾದರೂ ಕೇಳದ ಹಾಡಿಗೆ ಒಂದು ಪೈಸೆಯೂ ಇಲ್ಲ. ಸಣ್ಣ ತಂಡಗಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಗೆಳೆಯರು ದುಡಿಕೊಟ್ಟ್ ಪಾಟ್‌ಗೆ (ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವರ ಜನಪದ ಹಾಡು) ಸೈಕೆಡೆಲಿಕ್ ಗಿಟಾರ್ ಸೇರಿಸಿ ರೆಕಾರ್ಡ್ ಮಾಡುತ್ತಿದ್ದೇವೆ. ದುಡಿಯ ಸದ್ದು ಕಲಸಿಹೋಗುತ್ತಿದೆ.
– ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ದುಡಿಗೂ ರಿವರ್ಬ್, ಅಂದರೆ ದೊಡ್ಡ ಹಾಲಿನಂಥ ಗುಂಗು, ಸುರಿದಿರಬೇಕು, ಅಲ್ವಾ? ಮೊದಲು ಅದನ್ನು ತೆಗೆದುಬಿಡಿ. ದುಡಿಯ ಜೀವ ಇರೋದು ಕೋಲು ಬಿದ್ದ ಆ ಟಕ್ ಸದ್ದಿನಲ್ಲಿ. ಒಂದು ಪೆಟ್ಟಿನ ಬಾಲ ಇನ್ನೊಂದು ಪೆಟ್ಟಿನ ಮೇಲೆ ಬಿದ್ದರೆ ಓಟವೇ ಸತ್ತುಹೋಗುತ್ತೆ. ಎಫೆಕ್ಟ್ ಎಲ್ಲ ಗಿಟಾರಿಗೆ ಇರಲಿ, ಡಿಲೇ (ಸ್ವರ ತುಸು ತಡೆದು ಮರುದನಿಯಾಗೋದು) ಮಾತ್ರ ಹಾಡಿನ ಲಯಕ್ಕೆ ಕೂಡಬೇಕು. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು ನಿಮಿಷದ ಬೀಟಿನಿಂದ ಭಾಗಿಸಿ. 100 ಬೀಟ್ ಇದ್ದರೆ 600 ಮಿಲಿಸೆಕೆಂಡ್. ಅದು ಜಾಸ್ತಿ ಅನಿಸಿದರೆ 300 ಇಡಿ.

ಇನ್ನೊಂದು, ಹಾಡುವ ಹಿರಿಯರನ್ನು ಒಬ್ಬೊಬ್ಬರಾಗಿ ಬೂತಿನಲ್ಲಿ ನಿಲ್ಲಿಸಬೇಡಿ. ಅವರು ಒಬ್ಬರ ಮುಖ ಒಬ್ಬರು ನೋಡಿ ಸಾಲು ಎತ್ತುವವರು. ಒಟ್ಟಿಗೇ ಕೂರಿಸಿ, ಎರಡು ಮೈಕ್ ಇಟ್ಟು, ಪೂರ್ತಿ ಹಾಡಿಸಿ. ಗಿಟಾರ್ ಆಮೇಲೆ ಅವರ ಲಯಕ್ಕೆ ನೀವು ನುಡಿಸಿ. ಬಿಡುಗಡೆ ಮಾಡುವ ಮುಂಚೆ ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರುಗಳನ್ನೇ ಮೊದಲು ಹಾಕಿ. ದುಡ್ಡು ಬಂದರೆ ಪಾಲೂ ಕೊಡಿ.